ಸರ್ಪಸುತ್ತು ಒಣಗಿದ ಮೇಲೆ



ಇವತ್ತಿನ ಮಾತು ಮುಖ್ಯವಾಗಿ ಗಡಿಯಾಚೆ, ತೆಲಂಗಾಣದಲ್ಲಿ ಕುಳಿತು ಕನ್ನಡ ಬಾನುಲಿ ಕೇಳುವವರ ಜೊತೆ. ರಾಯಚೂರಿನಿಂದ ಹೊರಟು ಕೃಷ್ಣೆ ದಾಟಿದರೆ ಮಕ್ತಲ್. ಇನ್ನೂ ಮುಂದೆ ನಾರಾಯಣಪೇಟೆ. ಹೊಳೆ ದಾಟದೆ ಮೂಡಣಕ್ಕೆ ಹೋದರೆ ಗದ್ವಾಲ. ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇದ್ದವು. ರಾಜ್ಯದ ಗಡಿ ಸರಿಯಿತು. ಬೀಗತನ ಸರಿಯಲಿಲ್ಲ, ದವಾಖಾನೆಯ ದಾರಿಯೂ ಸರಿಯಲಿಲ್ಲ.

ವಿಷಯ ಸರ್ಪಸುತ್ತು. ಕನ್ನಡದ ಮನೆಗಳಲ್ಲಿ ಸರ್ಪಸುತ್ತು, ಸರ್ಪಹುಣ್ಣು ಎನ್ನುತ್ತೇವೆ. ತೆಲುಗು ನೆರೆಯವರು ಸರ್ಪಿ ಎನ್ನುತ್ತಾರೆ. ಮರಾಠಿ ಮಾತಾಡುವವರಿಗೆ ಅದು ನಾಗೀಣ. ಈ ಕಾಯಿಲೆಯ ನೋವು ಎಲ್ಲರಿಗೂ ಗೊತ್ತು. ಹುಣ್ಣು ಒಣಗಿದ ಮೇಲೆ, ವಾರಗಳೋ ತಿಂಗಳುಗಳೋ ಕಳೆದು, ಕೆಲವರಿಗೆ ಲಕ್ವ ಹೊಡೆಯಬಹುದು ಎಂಬುದು ಅಷ್ಟಾಗಿ ಗೊತ್ತಿಲ್ಲ. ನಾನು ಹೇಳಬೇಕಾದದ್ದು ಅದನ್ನೇ.

ಮೊದಲು ಕಾಯಿಲೆಯ ಗುರುತು. ಗುಳ್ಳೆ ಏಳುವುದಕ್ಕೆ ಎರಡು ಮೂರು ದಿನ ಮುಂಚೆಯೇ ಉರಿ ಶುರುವಾಗುತ್ತದೆ. ಎದೆಯ ಒಂದು ಮಗ್ಗುಲು, ಇಲ್ಲವೆ ಸೊಂಟದ ಒಂದು ಮಗ್ಗುಲು. ಬಟ್ಟೆ ತಾಗಿದರೂ ಸಹಿಸಲಾಗದು. ಎದೆಯ ಎಡಭಾಗದಲ್ಲಾದರೆ ಹೃದಯದ ನೋವೆಂದು ಗಾಬರಿ. ಸೊಂಟದಲ್ಲಾದರೆ ಮೂಳೆ ಹಿಡಿದಿದೆ ಎಂದು ಎಣ್ಣೆ ತಿಕ್ಕುವುದು. ಆಮೇಲೆ ಚರ್ಮ ಕೆಂಪಾಗುತ್ತದೆ. ಸಣ್ಣ ಸಣ್ಣ ನೀರುಗುಳ್ಳೆಗಳು ಗುಂಪಾಗಿ ಏಳುತ್ತವೆ. ಬೆನ್ನಿನಿಂದ ಹೊಟ್ಟೆಯ ಕಡೆಗೆ ಒಂದು ಪಟ್ಟೆಯಾಗಿ ಸಾಗುತ್ತವೆ. ವಾರ, ಹತ್ತು ದಿನಕ್ಕೆ ಹಕ್ಕಳೆ ಕಟ್ಟುತ್ತದೆ. ಎರಡರಿಂದ ನಾಲ್ಕು ವಾರಕ್ಕೆ ಒಣಗುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಬಂದರಂತೂ ಉಷ್ಣಕ್ಕೆ ಎದ್ದ ಗುಳ್ಳೆ ಎಂದು ಮಜ್ಜಿಗೆ ಕುಡಿದು ಸುಮ್ಮನಿರುವವರೇ ಬಹಳ.

ಉಷ್ಣ ಇದಕ್ಕೆ ಕಾರಣವಲ್ಲ. ಕಾರಣ ಒಂದು ವೈರಸ್. ಚಿಕ್ಕಂದಿನಲ್ಲಿ ಅಮ್ಮ ಬಂದಿತ್ತು ಎನ್ನುತ್ತೇವಲ್ಲ, ಮೈತುಂಬ ನೀರುಗುಳ್ಳೆ ಏಳುವ ಚಿಕನ್‌ಪಾಕ್ಸ್, ಅದೇ ವೈರಸ್. ಬೇವಿನ ಸೊಪ್ಪಿನ ನೀರಿನಲ್ಲಿ ಮೀಯಿಸಿ, ತಂಪು ಮಾಡಿ, ಅಮ್ಮನನ್ನು ಕಳಿಸಿಕೊಟ್ಟೆವು ಎಂದುಕೊಳ್ಳುತ್ತೇವೆ. ವೈರಸ್ ಮಾತ್ರ ಹೋಗಿರುವುದಿಲ್ಲ. ಬೆನ್ನುಹುರಿಯ ಪಕ್ಕದ ನರದ ಬೇರುಗಳಲ್ಲಿ, ಮುಖದ ನರದ ಬೇರಿನಲ್ಲಿ ಅಡಗಿ ಉಳಿಯುತ್ತದೆ. ನಲವತ್ತು, ಐವತ್ತು ವರ್ಷ ಸುಮ್ಮನಿರುತ್ತದೆ. ವಯಸ್ಸಾಗಿ ಮೈಯ ತಡೆಶಕ್ತಿ ಇಳಿದಾಗ ಏಳುತ್ತದೆ.

ಇದನ್ನು ಗಟ್ಟಿಯಾಗಿ ಹೇಳಿದವರು ಒಬ್ಬ ಊರ ವೈದ್ಯರು. ಹೆಸರು ಎಡ್ಗರ್ ಹೋಪ್-ಸಿಂಪ್ಸನ್. ಇಂಗ್ಲೆಂಡಿನ ಸಿರೆನ್‌ಸೆಸ್ಟರ್ ಎಂಬ ಸಣ್ಣ ಪಟ್ಟಣದಲ್ಲಿ ಅವರ ವೃತ್ತಿ. 1947ರಿಂದ 16 ವರ್ಷ, ತಮ್ಮ ಬಳಿ ಬಂದ ಸರ್ಪಸುತ್ತಿನ ರೋಗಿಗಳನ್ನೆಲ್ಲ ಅವರು ದಾಖಲು ಮಾಡುತ್ತಾ ಹೋದರು. ಒಟ್ಟು ಸುಮಾರು 190 ಜನ. ವಯಸ್ಸು ಏರಿದಂತೆ ಕಾಯಿಲೆಯೂ ಏರುತ್ತದೆ ಎಂಬುದು ಆ ದಾಖಲೆಯಲ್ಲಿ ಕಂಡಿತು. ಹಳೆಯ ವೈರಸ್ಸೇ ಒಳಗಿನಿಂದ ಏಳುತ್ತದೆ ಎಂದು 1965ರಲ್ಲಿ ಅವರು ಬರೆದರು. ದೊಡ್ಡ ಪ್ರಯೋಗಶಾಲೆ ಇಲ್ಲದ ಒಬ್ಬ ವೈದ್ಯರು ತಾಳ್ಮೆಯಿಂದ ಮಾಡಿದ ಕೆಲಸ ಅದು. ನಮ್ಮ ತಾಲ್ಲೂಕುಗಳ ವೈದ್ಯರೂ ಹೀಗೆ ಬರೆದಿಟ್ಟರೆ ನಮ್ಮ ಜನರ ಬಗ್ಗೆ ಎಷ್ಟು ತಿಳಿಯುತ್ತಿತ್ತೋ!

ಈಗ ಹಿರಿಯರ ಒಂದು ಮಾತು. ಸರ್ಪದ ತಲೆ ಬಾಲ ಕೂಡಿದರೆ ಜೀವ ಉಳಿಯದು ಎಂಬ ಮಾತು. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ನರದ ವೈರಸ್ ಏಳುತ್ತದೆ. ಆ ನರ ಮೈಯ ಒಂದೇ ಮಗ್ಗುಲಿನದು. ಅದಕ್ಕೇ ಪಟ್ಟೆ ನಡುಗೆರೆಗೆ ಬಂದು ನಿಂತುಬಿಡುತ್ತದೆ. ತಲೆ ಬಾಲ ಕೂಡುವುದು ತೀರಾ ಅಪರೂಪ. ಆದರೆ ಹಿರಿಯರ ಭಯ ಪೂರ್ತಿ ಸುಳ್ಳೂ ಅಲ್ಲ. ಗುಳ್ಳೆ ಎರಡೂ ಮಗ್ಗುಲಿಗೆ, ಮೈತುಂಬ ಹರಡಿತೆಂದರೆ ಆ ಮನುಷ್ಯನ ತಡೆಶಕ್ತಿ ಬಹಳ ಕುಸಿದಿರುವ ಸಂಭವ ಹೆಚ್ಚು. ಅಂಥವರು ಅದೇ ದಿನ ದೊಡ್ಡ ದವಾಖಾನೆಗೆ ಹೋಗಬೇಕು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಚಿಕ್ಕಂದಿನ ವೈರಸ್ ನರದಲ್ಲಿ ಅಡಗಿರುತ್ತದೆ. ಇಳಿವಯಸ್ಸಿನಲ್ಲಿ ಏಳುತ್ತದೆ. ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಇನ್ನು ಅದು ರಕ್ತನಾಳಕ್ಕೆ ಹೋಗುವುದು ಹೇಗೆ ಎಂದು ನೋಡೋಣ.

ಮುಖದ ಸ್ಪರ್ಶವನ್ನು ಮಿದುಳಿಗೆ ತಿಳಿಸುವ ದೊಡ್ಡ ನರ ಒಂದಿದೆ. ಅದರ ಬೇರು ತಲೆಬುರುಡೆಯ ಒಳಗೆ. ಆ ಬೇರಿನಿಂದ ಕೆಲವು ಎಳೆಗಳು ಮಿದುಳಿನ ರಕ್ತನಾಳಗಳ ಗೋಡೆಗೂ ಹೋಗಿ ಸೇರುತ್ತವೆ. ಹಣೆಯ ಚರ್ಮಕ್ಕೆ ಬಂದ ವೈರಸ್ಸಿಗೆ ಅದೇ ಬೇರಿನಿಂದ ರಕ್ತನಾಳಕ್ಕೂ ದಾರಿಯಿದೆ. ಅಲ್ಲಿ ಸೇರಿದ ಮೇಲೆ ನಾಳದ ಗೋಡೆ ಊದುತ್ತದೆ, ದಪ್ಪವಾಗುತ್ತದೆ. ಕಾಲುವೆಯ ಎರಡೂ ದಂಡೆ ಒಳಮುಖವಾಗಿ ಕುಸಿದು ಬಂದರೆ ನೀರಿನ ಹರಿವು ಸಣ್ಣದಾಗುತ್ತದಲ್ಲವೆ, ಹಾಗೆ ರಕ್ತದ ದಾರಿ ಕಿರಿದಾಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮುಂದಿನ ಮಿದುಳಿಗೆ ರಕ್ತ ತಲುಪದೆ ಹೋಗಬಹುದು. ಅದೇ ಲಕ್ವ. ಕೆಲವರಲ್ಲಿ ಗೋಡೆ ಬಲ ಕಳೆದುಕೊಂಡು ಉಬ್ಬುತ್ತದೆ, ಒಡೆಯುತ್ತದೆ. ಆಗ ಮಿದುಳಿನಲ್ಲಿ ರಕ್ತಸ್ರಾವ.

ಇದು ಒಂದು ದಿನದ ಕೆಲಸವಲ್ಲ. ಅಮೆರಿಕದ ವೈದ್ಯರು 2008ರಲ್ಲಿ ಇಂಥ 30 ರೋಗಿಗಳ ವಿವರ ಪ್ರಕಟಿಸಿದರು. ಗುಳ್ಳೆ ಎದ್ದದ್ದಕ್ಕೂ ಮಿದುಳಿನ ತೊಂದರೆ ಶುರುವಾದದ್ದಕ್ಕೂ ನಡುವೆ ಸರಾಸರಿ 4 ತಿಂಗಳ ಅಂತರ ಇತ್ತು. 4 ತಿಂಗಳ ಮೇಲೆ ಯಾರಿಗೆ ಹಳೆಯ ಗುಳ್ಳೆಯ ನೆನಪು? ಇನ್ನೂ ಒಂದು ವಿಚಿತ್ರ. ಅವರಲ್ಲಿ ಮೂರರಲ್ಲಿ ಒಂದು ಪಾಲು ಜನರಿಗೆ ಗುಳ್ಳೆಯೇ ಎದ್ದಿರಲಿಲ್ಲ. ವೈರಸ್ ಚರ್ಮಕ್ಕೆ ಬಾರದೆ ನೇರವಾಗಿ ನಾಳಕ್ಕೇ ಹೋಗಿತ್ತು.

ಹಾಗಾದರೆ ಸರ್ಪಸುತ್ತು ಬಂದವರಿಗೆಲ್ಲ ಲಕ್ವವೇ? ಇಲ್ಲ. ಹೆದರಿಸುವುದು ನನ್ನ ಉದ್ದೇಶವಲ್ಲ. ಲೆಕ್ಕ ಕೇಳಿ. ತೈವಾನ್ ದೇಶದಲ್ಲಿ ಸರ್ಪಸುತ್ತು ಬಂದ ಸುಮಾರು 7,800 ಜನರನ್ನು ಒಂದು ವರ್ಷ ಗಮನಿಸಿದರು. ಬಾರದವರ ಜೊತೆ ಹೋಲಿಸಿದರು. ವರದಿ ಬಂದದ್ದು 2009ರಲ್ಲಿ. ಸರ್ಪಸುತ್ತು ಬಾರದ ಸಾವಿರ ಜನರಲ್ಲಿ 13 ಮಂದಿಗೆ ಲಕ್ವ ಹೊಡೆದಿತ್ತು. ಬಂದ ಸಾವಿರ ಜನರಲ್ಲಿ 17 ಮಂದಿಗೆ. ಅಂದರೆ ಸಾವಿರಕ್ಕೆ 4 ಹೆಚ್ಚು. ಉಳಿದ 980ಕ್ಕೂ ಹೆಚ್ಚು ಜನರಿಗೆ ಆ ವರ್ಷ ಲಕ್ವ ಹೊಡೆಯಲಿಲ್ಲ.

ಆದರೆ ಮರುವರ್ಷ ಅದೇ ದೇಶದಿಂದ ಇನ್ನೊಂದು ಲೆಕ್ಕ ಬಂತು. ಈ ಸಲ ನೋಡಿದ್ದು ಹಣೆ ಮತ್ತು ಕಣ್ಣಿನ ಭಾಗದಲ್ಲಿ ಸರ್ಪಸುತ್ತು ಎದ್ದವರನ್ನು ಮಾತ್ರ. ಅವರಲ್ಲಿ ಸಾವಿರಕ್ಕೆ ಸುಮಾರು 80 ಮಂದಿಗೆ ಒಂದೇ ವರ್ಷದಲ್ಲಿ ಲಕ್ವ. ಬಾರದವರಲ್ಲಿ 17. ನಾಲ್ಕು ಪಟ್ಟಿಗೂ ಹೆಚ್ಚು. ಈ ಅಂಕಿಯನ್ನು ಸುಮ್ಮನೆ ಕೇಳಿ ಬಿಡಬೇಡಿ. ಸೊಂಟದ ಸರ್ಪಸುತ್ತು ಬೇರೆ, ಹಣೆಯ ಸರ್ಪಸುತ್ತು ಬೇರೆ.

ಇದನ್ನು ಒಂದು ಮನೆಯೊಳಗೆ ಇಟ್ಟು ನೋಡೋಣ. ಕಲ್ಪಿಸಿದ ಮನೆ, ಆದರೆ ನೀವು ಕಂಡಿರಬಹುದಾದ ಮನೆ. ಗದ್ವಾಲದ ಒಬ್ಬ ನೇಕಾರರು. ವಯಸ್ಸು ಅರವತ್ತು ದಾಟಿದೆ. ಶುಗರ್ ಇದೆ, ಬಿಪಿ ಗುಳಿಗೆಯನ್ನು ನೆನಪಾದಾಗ ನುಂಗುತ್ತಾರೆ. ಒಂದು ಬೆಳಗ್ಗೆ ಬಲಗಡೆಯ ಹಣೆಯಲ್ಲಿ ಉರಿ. ಎರಡು ದಿನಕ್ಕೆ ಹುಬ್ಬಿನಿಂದ ನೆತ್ತಿಯವರೆಗೆ ಗುಳ್ಳೆ. ರೆಪ್ಪೆ ಊದಿ ಕಣ್ಣು ಮುಚ್ಚಿದೆ. ಮನೆಯವರು ಕೆಮ್ಮಣ್ಣು ಹಚ್ಚಿಸುತ್ತಾರೆ. ನಾಗರಕಟ್ಟೆಗೆ ಹಾಲೆರೆಯುತ್ತಾರೆ. ಓಣಿಯ ಆರ್‌ಎಂಪಿ ವೈದ್ಯರು ಬಂದು ಒಂದು ಸೂಜಿ ಹಾಕುತ್ತಾರೆ. ಮೂರು ವಾರಕ್ಕೆ ಹಕ್ಕಳೆ ಉದುರುತ್ತದೆ. ದೇವರು ದೊಡ್ಡವನು ಎಂದು ಮತ್ತೆ ಕುಣಿಮಗ್ಗಕ್ಕೆ ಇಳಿಯುತ್ತಾರೆ. ಎರಡು ತಿಂಗಳು ಕಳೆಯುತ್ತದೆ. ಒಂದು ಮಧ್ಯಾಹ್ನ ಬಲಗೈ ಎಸೆದ ಲಾಳಿಯನ್ನು ಎಡಗೈ ಹಿಡಿಯುವುದಿಲ್ಲ. ಲಾಳಿ ಜಾರಿ ಕುಣಿಗೆ ಬೀಳುತ್ತದೆ. ಎತ್ತಿಕೊಳ್ಳಲು ಬಾಗಿದವರು ಏಳುವುದಿಲ್ಲ. ಮಗ್ಗದ ಸದ್ದು ನಿಂತದ್ದು ಕೇಳಿ ಹೆಂಡತಿ ಒಳಗಿನಿಂದ ಬರುತ್ತಾರೆ.

ಹುಣ್ಣು ಬಂದದ್ದು ಬಲಹಣೆಗೆ, ಬಿದ್ದದ್ದು ಎಡಗೈ. ಮಿದುಳಿನ ಬಲಭಾಗ ಮೈಯ ಎಡಭಾಗವನ್ನು ಆಡಿಸುತ್ತದೆ. ಅದಕ್ಕೇ ಮನೆಯಲ್ಲಿ ಯಾರಿಗೂ ಎರಡರ ನಂಟು ಹೊಳೆಯುವುದಿಲ್ಲ. ಅದು ಚರ್ಮದ ಕಾಯಿಲೆ, ಇದು ವಾಯು ಎಂದುಬಿಡುತ್ತಾರೆ.

ಕೇಳುಗರೇ, ಮತ್ತೊಮ್ಮೆ ನೆನಪಿಸುತ್ತೇನೆ. ವೈರಸ್ ನರದಿಂದ ರಕ್ತನಾಳಕ್ಕೆ ಹೋಗಬಲ್ಲದು. ಹಣೆ, ಕಣ್ಣಿನ ಭಾಗದಲ್ಲಿ ಎದ್ದರೆ ಅಪಾಯ ಹೆಚ್ಚು. ತೊಂದರೆ ತಿಂಗಳುಗಳ ಮೇಲೆ ಬರಬಹುದು. ಹಾಗಿದ್ದರೆ ಮಾಡುವುದೇನು?

ಮಾಡಬೇಕಾದದ್ದು ಮೊದಲ ಮೂರು ದಿನದಲ್ಲಿದೆ. ಈ ವೈರಸ್ಸಿಗೆ ಗುಳಿಗೆ ಇದೆ. ಅಸೈಕ್ಲೋವಿರ್ ಎಂದು ಹೆಸರು. ಅದರ ಬಳಗದ ವಾಲಸೈಕ್ಲೋವಿರ್ ಎಂಬುದೂ ಇದೆ. ಅಸೈಕ್ಲೋವಿರ್ ಹೊರಬಂದದ್ದು ಗರ್ಟ್ರೂಡ್ ಎಲಿಯನ್ ಎಂಬ ಮಹಿಳೆಯ ಪ್ರಯೋಗಶಾಲೆಯಿಂದ. 1988ರಲ್ಲಿ ನೊಬೆಲ್ ಪಾರಿತೋಷಕ ಪಡೆದವರಲ್ಲಿ ಅವರೂ ಒಬ್ಬರು. ಗುಳ್ಳೆ ಎದ್ದ 72 ತಾಸಿನೊಳಗೆ ಗುಳಿಗೆ ಶುರುಮಾಡಿದರೆ ಫಲ ಚೆನ್ನಾಗಿರುತ್ತದೆ. ಸಾಮಾನ್ಯವಾಗಿ ಏಳು ದಿನ. ಅಸೈಕ್ಲೋವಿರ್ ಆದರೆ ದಿನಕ್ಕೆ ಐದು ಸಲ ನುಂಗಬೇಕು. ಎರಡು ದಿನಕ್ಕೆ ಉರಿ ಇಳಿಯಿತೆಂದು ಬಿಡಬಾರದು. ಮೂತ್ರಪಿಂಡದ ತೊಂದರೆ ಇದ್ದವರಿಗೆ ಪ್ರಮಾಣ ಕಡಿಮೆ ಮಾಡುತ್ತಾರೆ. ಹಾಗಾಗಿ ಅಂಗಡಿಯಲ್ಲಿ ಕೇಳಿ ನುಂಗುವುದು ಬೇಡ, ಡಾಕ್ಟರ ಚೀಟಿ ಬೇಕು.

ಬ್ರಿಟನ್ನಿನಲ್ಲಿ, ಸರ್ಪಸುತ್ತು ಮತ್ತು ಲಕ್ವ ಎರಡೂ ಬಂದ ಸುಮಾರು 6,600 ಜನರ ದಾಖಲೆ ತೆಗೆದು ನೋಡಿದರು. 2014ರ ಮಾತು. ಲಕ್ವದ ಅಪಾಯ ಮೊದಲ ತಿಂಗಳು ಹೆಚ್ಚು, ಆರು ತಿಂಗಳವರೆಗೆ ಮೆಲ್ಲಗೆ ಇಳಿಯುತ್ತದೆ ಎಂದು ಕಂಡಿತು. ಗುಳಿಗೆ ನುಂಗಿದವರಲ್ಲಿ ಆ ಏರಿಕೆ ಕಡಿಮೆ ಇತ್ತು. ಗುಳಿಗೆ ನುಂಗಿದರೆ ಲಕ್ವ ಬರುವುದೇ ಇಲ್ಲ ಎಂದು ಯಾರೂ ಹೇಳಲಾರರು. ಆದರೆ ಗುಳ್ಳೆ ಎದ್ದ ಮೇಲೆ ಆ ವೈರಸ್ಸಿನ ವಿರುದ್ಧ ಕೈಯಲ್ಲಿರುವ ಉಪಾಯ ಇದೊಂದೇ. ಬೆಲೆಯೂ ದುಬಾರಿಯಲ್ಲ.

ಕೆಮ್ಮಣ್ಣಿನ ಬಗ್ಗೆ ಒಂದು ಮಾತು. ನಾಗಪ್ಪನಿಗೆ ಹರಕೆ ಹೊರಬೇಡಿ ಎಂದು ನಾನು ಹೇಳುವುದಿಲ್ಲ. ಪೂಜೆಯಿಂದ ಯಾರಿಗೂ ಕೆಡುಕಿಲ್ಲ. ಒಡೆದ ಗುಳ್ಳೆಯ ಮೇಲೆ ಮಣ್ಣು ಹಚ್ಚಿದರೆ ಕೆಡುಕಿದೆ, ಕೀವಾಗುತ್ತದೆ. ಅದಕ್ಕಿಂತ ದೊಡ್ಡ ಕೆಡುಕು ಹಾಗೆ ಕಳೆದುಹೋಗುವ ಮೂರು ದಿನ. ಬೆಳಗ್ಗೆ ನಾಗರಕಟ್ಟೆಗೆ ಹೋದವರು ಮಧ್ಯಾಹ್ನದೊಳಗೆ ಸರ್ಕಾರಿ ದವಾಖಾನೆಗೂ ಹೋಗಿ. ತೆಲಂಗಾಣದ ಹಳ್ಳಿಗಳಲ್ಲಿ ಪಲ್ಲೆ ದವಾಖಾನೆಗಳಿವೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ಹೇಳುತ್ತಾರೆ. ಏನೆಂದು ಗೊತ್ತಿಲ್ಲದ ಸೂಜಿ ಹಾಕಿಸಿಕೊಳ್ಳಬೇಡಿ. ಅದು ಸ್ಟೀರಾಯ್ಡ್ ಆಗಿದ್ದರೆ ಉರಿ ತಗ್ಗಿಸುತ್ತದೆ, ಜೊತೆಗೆ ತಡೆಶಕ್ತಿಯನ್ನೂ ತಗ್ಗಿಸುತ್ತದೆ.

ಮುಖದಲ್ಲಿ ಎದ್ದಾಗ ಇನ್ನೆರಡು ಗುರುತು. ಮೂಗಿನ ತುದಿಗೆ ಗುಳ್ಳೆ ಬಂದರೆ ಕಣ್ಣಿನೊಳಕ್ಕೂ ಹೋಗುವ ಸಂಭವ ಹೆಚ್ಚು. ಅದೇ ದಿನ ಕಣ್ಣಿನ ಡಾಕ್ಟರ ಬಳಿ ಹೋಗಬೇಕು. ತಡವಾದರೆ ದೃಷ್ಟಿಯೇ ಹೋಗಬಹುದು. ಕಿವಿಯೊಳಗೆ ಗುಳ್ಳೆ ಎದ್ದು ಬಾಯಿ ಒಂದು ಕಡೆ ವಾಲಿದರೆ, ಅದು ಬಹುಮಟ್ಟಿಗೆ ಮುಖದ ನರದ ತೊಂದರೆ. ರಕ್ತನಾಳದ್ದಲ್ಲ. ಆದರೆ ಮನೆಯಲ್ಲಿ ಕುಳಿತು ಇದು ನರ, ಇದು ಮಿದುಳು ಎಂದು ತೀರ್ಮಾನಿಸುವುದು ಬೇಡ. ಬಾಯಿ ವಾಲಿದ ಯಾರನ್ನೇ ಆಗಲಿ ದವಾಖಾನೆಗೆ ಒಯ್ಯಿರಿ.

ತಾಯಂದಿರಿಗೆ ಒಂದು ಸಣ್ಣ ಮಾತು. ಚಿಕನ್‌ಪಾಕ್ಸ್ ಬಂದು ಹೋದ ಮಕ್ಕಳಲ್ಲೂ, ಬಹಳ ಅಪರೂಪಕ್ಕೆ, ತಿಂಗಳುಗಳ ಮೇಲೆ ಹೀಗೇ ರಕ್ತನಾಳ ಕಿರಿದಾಗಿ ಕೈಕಾಲು ಸೋಲುವುದುಂಟು. ಆಡುತ್ತಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಒಂದು ಕೈ ಏಳದಿದ್ದರೆ ದೃಷ್ಟಿಯಾಗಿದೆ ಎಂದು ನಿವಾಳಿಸುತ್ತಾ ಕೂರಬೇಡಿ.

ಗುಳ್ಳೆ ಎದ್ದಾಗ ಮಾಡುವುದನ್ನು ಹೇಳಿದೆ. ಮೂರು ದಿನದೊಳಗೆ ಡಾಕ್ಟರು, ಏಳು ದಿನ ಗುಳಿಗೆ. ಇನ್ನು ಒಣಗಿದ ಮೇಲಿನ ತಿಂಗಳುಗಳು. ಮೊದಲ ಆರು ತಿಂಗಳು ಮನೆಯವರು ಕಣ್ಣಿಟ್ಟಿರಬೇಕು. ಬಿಪಿ, ಶುಗರ್ ಗುಳಿಗೆ ತಪ್ಪಬಾರದು. ಬೀಡಿ ಬಿಡಬೇಕು, ಆರು ತಿಂಗಳಿಗಲ್ಲ, ಪೂರ್ತಿ. ಲಕ್ವದ ಗುರುತು ಮೂರು. ಮುಖ ಒಂದು ಕಡೆ ವಾಲುವುದು. ಎರಡೂ ಕೈ ಎತ್ತಿ ಎಂದರೆ ಒಂದು ಕೆಳಗಿಳಿಯುವುದು. ಮಾತು ತೊದಲುವುದು. ಮೂರರಲ್ಲಿ ಒಂದು ಕಂಡರೂ ಸಾಕು. ಹತ್ತು ನಿಮಿಷಕ್ಕೆ ಸರಿಹೋಯಿತು ಎಂದರೂ ಬಿಡಬಾರದು. ಅದು ಮುನ್ಸೂಚನೆ.

ಹೆಪ್ಪು ಕರಗಿಸುವ ಔಷಧ ಕೊಡುವುದು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ. ಅದಕ್ಕೆ ಮುಂಚೆ ತಲೆಯ ಸ್ಕ್ಯಾನ್ ಆಗಬೇಕು. ಮಕ್ತಲ್‌ನವರಿಗೆ ರಾಯಚೂರು, ನಾರಾಯಣಪೇಟೆಯವರಿಗೆ ಮಹಬೂಬನಗರ, ಗದ್ವಾಲದವರಿಗೆ ರಾಯಚೂರು ಇಲ್ಲವೆ ಕರ್ನೂಲು. ಎಲ್ಲವೂ ತಾಸು, ಒಂದೂವರೆ ತಾಸಿನ ದಾರಿ. ಹೊತ್ತು ಸಾಲುತ್ತದೆ, ಹೊರಡುವುದು ತಡವಾಗದಿದ್ದರೆ. ಪಾರಿವಾಳದ ನೆತ್ತರು ಹಚ್ಚಿಸಲು, ಎಣ್ಣೆ ತಿಕ್ಕಿಸಲು ಊರೂರು ಅಲೆದರೆ ಸಾಲುವುದಿಲ್ಲ. ಯಾವ ದವಾಖಾನೆಯಲ್ಲಿ ರಾತ್ರಿಯೂ ಸ್ಕ್ಯಾನ್ ಆಗುತ್ತದೆ, ಹೆಪ್ಪು ಕರಗಿಸುವ ಔಷಧ ಎಲ್ಲಿ ಕೊಡುತ್ತಾರೆ ಎಂಬುದನ್ನು ಆರಾಮ ಇರುವಾಗಲೇ ವಿಚಾರಿಸಿ ಇಟ್ಟುಕೊಳ್ಳಿ. 108ಕ್ಕೆ ಕರೆ ಮಾಡಿ. ಕರ್ನಾಟಕದಲ್ಲೂ ತೆಲಂಗಾಣದಲ್ಲೂ ಅದೇ ಸಂಖ್ಯೆ.

ಪಾಲಮೂರು, ಅಂದರೆ ಮಹಬೂಬನಗರ ಸೀಮೆಯದೇ ಒಂದು ಕಷ್ಟ ಇಲ್ಲಿದೆ. ದುಡಿಯುವವರು ಪುಣೆ, ಮುಂಬೈ, ಬೆಂಗಳೂರಿಗೆ ಕೂಲಿಗೆ ಹೋಗಿರುತ್ತಾರೆ. ಮನೆಯಲ್ಲಿ ಮುದುಕರಷ್ಟೇ. ಸರ್ಪಸುತ್ತು ಬರುವುದೂ ಅವರಿಗೇ, ಲಕ್ವ ಹೊಡೆಯುವುದೂ ಅವರಿಗೇ. ದವಾಖಾನೆಯಲ್ಲಿ ಡಾಕ್ಟರು ಮೊದಲು ಕೇಳುವ ಪ್ರಶ್ನೆ, ಕೊನೆಯ ಬಾರಿ ಇವರು ಚೆನ್ನಾಗಿದ್ದದ್ದನ್ನು ಕಂಡದ್ದು ಯಾವಾಗ ಎಂದು. ಒಬ್ಬರೇ ಇದ್ದವರ ವಿಷಯದಲ್ಲಿ ಅದಕ್ಕೆ ಉತ್ತರವೇ ಇರುವುದಿಲ್ಲ. ದೂರದಲ್ಲಿರುವ ಮಕ್ಕಳೇ, ಊರಿನ ಅಪ್ಪನಿಗೋ ಅವ್ವನಿಗೋ ಸರ್ಪಸುತ್ತು ಆಗಿದ್ದರೆ, ಆರು ತಿಂಗಳು ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಫೋನು ಮಾಡಿ. ದನಿ ತೊದಲಿದರೆ ನಿಮಗೆ ಫೋನಿನಲ್ಲೇ ಗೊತ್ತಾಗುತ್ತದೆ. ಪಕ್ಕದ ಮನೆಯವರ ನಂಬರೂ ನಿಮ್ಮ ಬಳಿ ಇರಲಿ.

ಲಸಿಕೆ ಇದೆಯೇ ಎಂದು ಕೇಳುತ್ತೀರಿ. ಇದೆ. 50 ದಾಟಿದವರಿಗೆ ಎರಡು ಡೋಸು, ನಡುವೆ ಎರಡರಿಂದ ಆರು ತಿಂಗಳ ಅಂತರ. ಭಾರತದಲ್ಲಿ 2023ರಿಂದ ಸಿಗುತ್ತಿದೆ. ಸರ್ಪಸುತ್ತನ್ನು ಬಹಳ ಚೆನ್ನಾಗಿ ತಡೆಯುತ್ತದೆ. ಆದರೆ ಸರ್ಕಾರ ಪುಕ್ಕಟೆ ಕೊಡುವ ಲಸಿಕೆಗಳ ಪಟ್ಟಿಯಲ್ಲಿ ಅದಿಲ್ಲ. ಒಂದು ಡೋಸಿಗೇ ಸಾವಿರಾರು ರೂಪಾಯಿ. ಗದ್ವಾಲದ ನಡಿಗಡ್ಡೆ ಸೀಮೆಯ ಹತ್ತಿ ಹೊಲದಲ್ಲಿ ಕೂಲಿ ಮಾಡುವವರಿಗೆ ಅದನ್ನು ಹಾಕಿಸಿಕೊಳ್ಳಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಕೊಳ್ಳುವ ಶಕ್ತಿ ಇದ್ದವರು, ಅದರಲ್ಲೂ ಶುಗರ್ ಇರುವ ಹಿರಿಯರು, ತಮ್ಮ ಡಾಕ್ಟರನ್ನು ಕೇಳಿ ನೋಡಬಹುದು.

ಕೊನೆಯದಾಗಿ ಒಂದು ಕೋರಿಕೆ. ಲಕ್ವ ಹೊಡೆದವರನ್ನು ದವಾಖಾನೆಗೆ ಒಯ್ದಾಗ ಅವರ ಹಣೆಯಲ್ಲಿ ಗುಳ್ಳೆ ಇರುವುದಿಲ್ಲ. ಎಂದೋ ಒಣಗಿರುತ್ತದೆ. ಡಾಕ್ಟರಿಗೆ ಕಾಣುವುದು ಬಿಪಿ ಇರುವ ಒಬ್ಬ ಮುದುಕರು ಅಷ್ಟೇ. ವೈರಸ್ಸಿನ ಸಂಶಯ ಬಂದರೆ ಬೆನ್ನುಹುರಿಯ ನೀರು ತೆಗೆದು ಪರೀಕ್ಷೆ ಮಾಡಬಹುದು. ಅಸೈಕ್ಲೋವಿರನ್ನು ರಕ್ತನಾಳಕ್ಕೇ ಕೊಡಬಹುದು. ಸಂಶಯ ಬರಬೇಕಾದರೆ ಯಾರಾದರೂ ಬಾಯಿಬಿಟ್ಟು ಹೇಳಬೇಕು. ಆದ್ದರಿಂದ ಸರ್ಪಸುತ್ತು ಎದ್ದ ತಾರೀಖು, ಎದ್ದ ಜಾಗ, ನುಂಗಿದ ಗುಳಿಗೆಯ ಹೆಸರು, ಈ ಮೂರನ್ನೂ ಬಿಪಿ ಚೀಟಿಯ ಹಿಂದೆಯೇ ಬರೆದಿಡಿ. ಡಾಕ್ಟರು ಕೇಳದಿದ್ದರೂ, ಇವರಿಗೆ ಇಂಥ ತಿಂಗಳು ಸರ್ಪಸುತ್ತು ಆಗಿತ್ತು ಎಂದು ನೀವಾಗಿಯೇ ಹೇಳಿ. ಕನ್ನಡದಲ್ಲಾದರೂ ಸರಿ, ತೆಲುಗಿನಲ್ಲಾದರೂ ಸರಿ.